ರಾಕ್ಷಸ ಸತ್ತ ಮರುದಿನ: ಫ್ಯಾಂಟಸಿ ಕಾದಂಬರಿಯ ಉಳಿದ ಕಥೆ ಬರೆಯುವುದು ಹೇಗೆ?

"ಖಳ ಸತ್ತ. ಅವನ ಕೋಟೆ ಬಿತ್ತು. ಈಗ ಏನು ಬರೀಲಿ?"

ಚಿತ್ರದುರ್ಗ, ದಾವಣಗೆರೆ ಕಡೆಯ ಹೊಸ ಬರಹಗಾರರು ಹಸ್ತಪ್ರತಿ ಕಳಿಸಿದಾಗಲೆಲ್ಲ ಈ ಪ್ರಶ್ನೆಯೂ ಜೊತೆಗೆ ಬರುತ್ತದೆ. ಮುನ್ನೂರು ಪುಟ ಉಸಿರು ಬಿಗಿಹಿಡಿದು ಓದಿಸಿದವರು ಕೊನೆಯ ಹತ್ತು ಪುಟಕ್ಕೆ ಬಂದು ನಿಂತುಬಿಡುತ್ತಾರೆ. ಕೆಲವರು ಒಂದು ಪಟ್ಟಾಭಿಷೇಕ, ಒಂದು ಮದುವೆ ಮಾಡಿಸಿ, ಒಂದು ಒಳ್ಳೆಯ ಮಳೆ ಸುರಿಸಿ ಮುಗಿಸುತ್ತಾರೆ. ಇನ್ನು ಕೆಲವರು ಸತ್ತ ಖಳನ ತಮ್ಮನನ್ನೋ ಮಗನನ್ನೋ ಎಬ್ಬಿಸಿ ಎರಡನೇ ಭಾಗಕ್ಕೆ ಹೊರಡುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನೇ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಪಿಕ್ ಫ್ಯಾಂಟಸಿ ಅಂದರೆ ಒಂದಿಡೀ ಕಲ್ಪಿತ ಲೋಕವನ್ನು ಕಟ್ಟಿ, ಅದರ ಉಳಿವಿಗಾಗಿ ನಡೆಯುವ ದೊಡ್ಡ ಹೋರಾಟ ಹೇಳುವ ಕಥೆ. ಕ್ಲೈಮ್ಯಾಕ್ಸ್ ಅಂದರೆ ಆ ಹೋರಾಟ ತೀರ್ಮಾನವಾಗುವ ಘಟ್ಟ. ನಮ್ಮ ವಿಷಯ ಕ್ಲೈಮ್ಯಾಕ್ಸ್ ಆದ ಮೇಲಿನದು. ಇದನ್ನು ಬಾಲ ಅಂದುಕೊಳ್ಳಬೇಡಿ. ಮಹಾಭಾರತದಲ್ಲಿ ದುರ್ಯೋಧನನ ತೊಡೆ ಮುರಿಯುವುದು ಒಂಬತ್ತನೇ ಪರ್ವದ ಕೊನೆಗೆ, ಶಲ್ಯಪರ್ವದಲ್ಲಿ. ಇರುವುದು 18 ಪರ್ವ. ಅಂದರೆ ಗೆದ್ದ ಮೇಲೆ ಇನ್ನೂ ಒಂಬತ್ತು ಪರ್ವ ಬಾಕಿ! ವ್ಯಾಸರಿಗೆ ಅಷ್ಟು ಹೇಳುವುದಿತ್ತು.

ಯಾಕೆಂದರೆ ಕೆಡುಕು ಒಬ್ಬನ ಮೈಯೊಳಗೆ ಮಾತ್ರ ಇರುವುದಿಲ್ಲ. ಅವನು ನಲವತ್ತು ವರ್ಷ ಆಳಿದ್ದರೆ ಅದು ಹೊಲದ ಮಣ್ಣಿಗೆ, ಬಾವಿಕಟ್ಟೆಯ ಮಾತಿಗೆ, ಮಕ್ಕಳ ಆಟಕ್ಕೆ ಇಳಿದಿರುತ್ತದೆ. ಅವನ ತಲೆ ಉರುಳಿದ ದಿನ ಅದೆಲ್ಲ ಉರುಳುವುದಿಲ್ಲ.

ಶುರು ಮಾಡುವ ಮುಂಚೆ ಏನೇನು ಬೇಕು

ಕ್ಲೈಮ್ಯಾಕ್ಸ್‌ವರೆಗಿನ ಕರಡು ಮುಗಿದಿರಬೇಕು. ಅರ್ಧ ಬರೆದು ಈ ಕೆಲಸಕ್ಕೆ ಕೈ ಹಾಕಬೇಡಿ. ಗೆಲುವಿಗೆ ಕೊಟ್ಟ ಬೆಲೆ ಎಷ್ಟು ಅಂತ ಗೊತ್ತಿಲ್ಲದೆ ಉಳಿದ ಲೆಕ್ಕ ಹಾಕಲು ಬರುವುದಿಲ್ಲ. ಒಂದು ನೋಟ್‌ಬುಕ್ ಬೇಕು. ನಿಮ್ಮ ಲೋಕದ ಕ್ಯಾಲೆಂಡರ್ ಬೇಕು. ತಿಂಗಳ ಹೆಸರು ಏನೇ ಇರಲಿ, ಬಿತ್ತನೆ ಯಾವಾಗ, ಸುಗ್ಗಿ ಯಾವಾಗ ಅಂತ ಅದರಲ್ಲಿ ಇರಲಿ.

ಮತ್ತೆ ಅರ್ಧ ದಿನ ಬಿಡುವು ಮಾಡಿಕೊಂಡು ಒಂದು ಹಳೇ ಕೋಟೆಗೆ ಹೋಗಿ ಬನ್ನಿ. ನಮ್ಮ ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿರದಲ್ಲೇ ಇದೆ. ಬಂದವರೆಲ್ಲ ಓಬವ್ವನ ಕಿಂಡಿಯ ಹತ್ತಿರ ನಿಲ್ಲುತ್ತಾರೆ, ಒನಕೆಯ ಕಥೆ ಕೇಳುತ್ತಾರೆ, ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನೀವು ಇನ್ನೊಂದು ಹತ್ತು ನಿಮಿಷ ನಿಲ್ಲಿ. ಓಬವ್ವನ ಗಂಡ ಕಹಳೆ ಊದುವ ಕಾವಲುಗಾರ. ಊಟಕ್ಕೆ ಅಂತ ಮನೆಗೆ ಬಂದಿದ್ದ. ಅವಳು ನೀರು ತರಲು ಹೋದವಳು ಶತ್ರುಗಳನ್ನು ಕಂಡಳು. ಕಥೆ ಅಲ್ಲಿಂದ ಮುಂದಕ್ಕೆ ನಮಗೆಲ್ಲ ಗೊತ್ತು. ಆದರೆ ಆ ಮನುಷ್ಯ ಮರುದಿನ ಯಾರ ಕೈಯಡುಗೆ ಉಂಡ? ಆ ಒನಕೆಯನ್ನು ತೊಳೆದು ಮತ್ತೆ ಭತ್ತ ಕುಟ್ಟಲು ಯಾರಾದರೂ ಎತ್ತಿಕೊಂಡರಾ? ನೀವು ಬರೆಯಬೇಕಾದ ಭಾಗ ಇಂಥ ಪ್ರಶ್ನೆಗಳಲ್ಲೇ ಇದೆ.

ಹಂತ 1: ಒಂದೇ ಊರು ಹಿಡಿಯಿರಿ

ಇಡೀ ಸಾಮ್ರಾಜ್ಯದ ಚೇತರಿಕೆ ಬರೆಯಲು ಹೋದರೆ ವರದಿ ಆಗುತ್ತದೆ, ಕಥೆ ಆಗುವುದಿಲ್ಲ. ಭೂಪಟದಲ್ಲಿ ಒಂದು ಊರಿನ ಮೇಲೆ ಬೆರಳಿಡಿ. ಅದು ರಾಜಧಾನಿ ಆಗದಿದ್ದರೆ ಒಳ್ಳೆಯದು. ಖಳನ ಕೋಟೆಯಿಂದ ಒಂದೆರಡು ದಿನದ ದಾರಿಯಲ್ಲಿರಲಿ. ಆ ಊರಲ್ಲಿ ಎಷ್ಟು ಮನೆ, ನೀರು ಎಲ್ಲಿಂದ, ಏನು ಬೆಳೆಯುತ್ತಾರೆ, ಎಷ್ಟು ಜನ ವಾಪಸ್ ಬರಲಿಲ್ಲ? ಇಷ್ಟನ್ನು ಬರೆದುಕೊಳ್ಳಿ.

ಉದಾಹರಣೆಗೆ ಅಂತ ನಾನು ಹುಲಿಗೊಂದಿ ಅನ್ನುವ ಕಲ್ಪಿತ ಊರನ್ನು ಇಟ್ಟುಕೊಳ್ಳುತ್ತೇನೆ. ಬಂಡೆಗುಡ್ಡದ ಬುಡದಲ್ಲಿದೆ. ಶೇಂಗಾ, ರಾಗಿ, ಹುರುಳಿ ಬೆಳೆ. ಮೇಲೆ ಗುಡ್ಡದಲ್ಲಿ ಕರಿದೊರೆ ನಲವತ್ತು ವರ್ಷ ಆಳಿದ. ಈಗ ಸತ್ತಿದ್ದಾನೆ. ಮುಂದಿನ ಎಲ್ಲ ಹಂತಕ್ಕೂ ಇದೇ ಊರು ಸಾಕು.

ಹಂತ 2: ಅವನು ಏನೇನು ಬಿಟ್ಟುಹೋದ, ಪಟ್ಟಿ ಮಾಡಿ

ಒಂದು ಸಂಜೆ ಕೂತು ಈ ಪಟ್ಟಿ ಬರೆಯಿರಿ. ಆತುರ ಬೇಡ. ಮೊದಲು ಬರುವುದೆಲ್ಲ ಸುಲಭದವು: ಸುಟ್ಟ ಮನೆ, ಮುರಿದ ಸೇತುವೆ, ವಿಷ ಹಾಕಿದ ಬಾವಿ. ಅವು ಮುಗಿದ ಮೇಲೆ ಬರುವುದೇ ನಿಮ್ಮ ನಿಜವಾದ ಸಾಮಗ್ರಿ.

ವಸ್ತುಗಳಿಂದ ಶುರು ಮಾಡಿ. ದುರ್ಗದ ಕೋಟೆಯೊಳಗೆ ಸಿಡಿಮದ್ದು ಅರೆಯಲು ಬಳಸುತ್ತಿದ್ದ ದೊಡ್ಡ ಬೀಸುಕಲ್ಲುಗಳಿವೆ, ನೋಡಿರುತ್ತೀರಿ. ಅರೆಸಿದವರು ಹೋದರು, ಯಾರ ಮೇಲೆ ಸಿಡಿಯಿತೋ ಅವರೂ ಹೋದರು, ಕಲ್ಲು ಇನ್ನೂ ಇದೆ. ನಿಮ್ಮ ಖಳನ ಕಾರ್ಖಾನೆಯಲ್ಲಿ ಏನು ಉಳಿದಿದೆ? ಅದನ್ನು ಯಾರು ಕದ್ದು ಸಾಗಿಸುತ್ತಿದ್ದಾರೆ? ದ್ವಾರಕೆಯ ಕಥೆ ನೆನಪಿಗೆ ತಂದುಕೊಳ್ಳಿ. ಶಾಪದಿಂದ ಹುಟ್ಟಿದ ಒನಕೆಯನ್ನು ಯಾದವರು ಪುಡಿ ಮಾಡಿ ಸಮುದ್ರಕ್ಕೆ ಚೆಲ್ಲಿದರು. ಕೆಲಸ ಮುಗಿಯಿತು ಅಂದುಕೊಂಡರು. ಆ ಪುಡಿ ದಡದಲ್ಲಿ ಜೊಂಡು ಹುಲ್ಲಾಗಿ ಬೆಳೆಯಿತು, ಅದನ್ನೇ ಕಿತ್ತು ಒಬ್ಬರನ್ನೊಬ್ಬರು ಹೊಡೆದುಕೊಂಡು ಸತ್ತರು. ಕುರುಕ್ಷೇತ್ರದ ಯುದ್ಧ ಮುಗಿದು 36 ವರ್ಷ ಆಗಿತ್ತು. ನಮ್ಮ ದುರ್ಗದಲ್ಲಿ ಒನಕೆ ಊರು ಕಾಯಿತು, ಅಲ್ಲಿ ಊರನ್ನೇ ಮುಗಿಸಿತು. ವಸ್ತು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ಈಗ ಯಾರ ಕೈಯಲ್ಲಿದೆ ಅನ್ನುವುದನ್ನು ನೋಡಿ.

ಆಮೇಲೆ ಕಾಗದ. ಸಾಲಪತ್ರ, ಕಂದಾಯದ ಲೆಕ್ಕ, ಚಾಡಿ ಹೇಳಿದವರ ಹೆಸರಿರುವ ಪುಸ್ತಕ. ಕರಿದೊರೆ ಕಾಲದಲ್ಲಿ ಊರಲ್ಲಿ 'ಕಿವಿಗಾರರು' ಇದ್ದರು ಅಂತ ಇಟ್ಟುಕೊಳ್ಳಿ. ಕೇಳಿದ್ದನ್ನು ಗುಡ್ಡಕ್ಕೆ ಮುಟ್ಟಿಸುವವರು. ಆ ಪುಸ್ತಕ ಸುಟ್ಟಿಲ್ಲ. ಅದು ಯಾರ ಮನೆಯ ಅಟ್ಟದ ಮೇಲಿದೆ?

ಆಮೇಲೆ ಅಭ್ಯಾಸ. ಹುಲಿಗೊಂದಿಯಲ್ಲಿ ಕತ್ತಲಾದ ಮೇಲೆ ಯಾರೂ ದೀಪ ಹಚ್ಚುತ್ತಿರಲಿಲ್ಲ, ಹಚ್ಚಿದರೆ ಸೈನಿಕರು ಬರುತ್ತಿದ್ದರು. ಈಗ ಸೈನಿಕರಿಲ್ಲ. ಆದರೂ ಮೂರು ವರ್ಷದಿಂದ ಯಾರೂ ಹಚ್ಚಿಲ್ಲ. ಯಾರೂ ಬೇಡ ಅಂದಿಲ್ಲ, ಆದರೂ. ಇಂಥದ್ದೊಂದು ಸಿಕ್ಕರೆ ಬಿಡಬೇಡಿ. ಇದೊಂದರ ಮೇಲೆ ಇಡೀ ಅಧ್ಯಾಯ ನಿಲ್ಲುತ್ತದೆ.

ಕೊನೆಗೆ, ಹೆಚ್ಚಿನವರು ಮರೆಯುವುದು: ಖಳ ಮಾಡಿದ ಉಪಯೋಗದ ಕೆಲಸ. ಕರಿದೊರೆ ಜನರಿಂದ ಬಿಟ್ಟಿ ದುಡಿಸಿ ಒಂದು ಕಾಲುವೆ ತೋಡಿಸಿದ್ದ. ತೋಡುವಾಗ ನೂರಾರು ಜನ ಸತ್ತರು. ಈಗ ಆ ಕಾಲುವೆಯಲ್ಲಿ ನೀರು ಹರಿಯುತ್ತಿದೆ. ಸತ್ತವರ ಮಕ್ಕಳು ಆ ನೀರನ್ನು ಹೊಲಕ್ಕೆ ಬಿಡುತ್ತಾರಾ? ಒಬ್ಬ ಬಿಡುತ್ತಾನೆ, ಅವನ ಅಣ್ಣ ಬೇಡ ಅನ್ನುತ್ತಾನೆ. ಭದ್ರಾ ನಾಲೆಯ ಕೊನೆಭಾಗದ ಊರುಗಳಲ್ಲಿ ನೀರಿಗಾಗಿ ಎಂಥ ಮಾತು ಬರುತ್ತದೆ ಅಂತ ದಾವಣಗೆರೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆ ಜಗಳದ ಜೊತೆಗೆ ಸತ್ತವರ ನೆನಪೂ ಸೇರಿದರೆ ಹೇಗಿರುತ್ತದೆ, ಯೋಚಿಸಿ.

ಎಚ್ಚರ: ಪಟ್ಟಿಯಲ್ಲಿ ಮೂವತ್ತು ಸಂಗತಿ ಬಂದರೆ ಮೂವತ್ತನ್ನೂ ಕಾದಂಬರಿಗೆ ತುರುಕಬೇಡಿ. ವರ್ಲ್ಡ್ ಬಿಲ್ಡಿಂಗ್, ಅಂದರೆ ಕಲ್ಪಿತ ಲೋಕದ ನೆಲ, ಜನ, ಕಟ್ಟಳೆ ಎಲ್ಲವನ್ನೂ ಕಟ್ಟುವ ಕೆಲಸ, ಮಾಡಿದವರಿಗೆ ಎಲ್ಲವನ್ನೂ ತೋರಿಸುವ ಆಸೆ ಇರುತ್ತದೆ. ಮೂರು ಆರಿಸಿ. ಮೂರನ್ನೂ ಒಬ್ಬ ಮನುಷ್ಯನ ಹಣೆಗೆ ಕಟ್ಟಿ.

ಹಂತ 3: ಹೆಣಗಳ ಲೆಕ್ಕ ಕೊಡಿ

ಯುದ್ಧದ ದೃಶ್ಯದಲ್ಲಿ ಸಾವಿರ ಜನರನ್ನು ಬೀಳಿಸಿದ್ದೀರಿ. ಮುಂದಿನ ಅಧ್ಯಾಯದಲ್ಲಿ ಆ ಬಯಲಿನಲ್ಲಿ ಹುಲ್ಲು ಬೆಳೆದಿದೆ. ನಡುವೆ ಏನಾಯಿತು? ಯಾರು ಎತ್ತಿದರು, ಯಾರು ಗುರುತು ಹಿಡಿದರು, ಸೌದೆ ಎಲ್ಲಿಂದ ಬಂತು?

ಮಹಾಭಾರತ ಇದಕ್ಕೇ ಅಂತ ಸ್ತ್ರೀಪರ್ವ ಇಟ್ಟಿದೆ. ಹೆಂಗಸರು ರಣರಂಗಕ್ಕೆ ಬಂದು ತಮ್ಮವರ ತಲೆ, ಕೈ ಹುಡುಕುತ್ತಾರೆ. ರಾಮಾಯಣದಲ್ಲಿ ರಾವಣನ ಅಂತ್ಯಕ್ರಿಯೆ ಮಾಡಲು ವಿಭೀಷಣ ಹಿಂಜರಿದಾಗ, ವೈರ ಸಾವಿನವರೆಗೆ ಮಾತ್ರ, ಸಂಸ್ಕಾರ ಮಾಡು ಅಂತ ರಾಮನೇ ಹೇಳುತ್ತಾನೆ. ನಿಮ್ಮ ಕಥೆಯಲ್ಲಿ ಖಳನ ಹೆಣಕ್ಕೆ ಏನಾಯಿತು? ಬಹಳ ಹಸ್ತಪ್ರತಿಗಳಲ್ಲಿ ಅದು ಕರಿ ಹೊಗೆಯಾಗಿ ಮಾಯವಾಗುತ್ತದೆ. ಅದು ಬರಹಗಾರ ತಪ್ಪಿಸಿಕೊಳ್ಳುವ ದಾರಿ. ಹೆಣ ಇದ್ದರೆ ಯಾರೋ ಒಬ್ಬರು ತೀರ್ಮಾನ ಮಾಡಲೇಬೇಕಾಗುತ್ತದೆ, ಅಲ್ವಾ?

ನಮ್ಮ ಬೆಟ್ಟದ ಮೇಲೇ ಇದಕ್ಕೊಂದು ಉತ್ತರ ಇದೆ. ಹಿಡಿಂಬ ಇದೇ ಬೆಟ್ಟದಲ್ಲಿ ಇದ್ದ, ಭೀಮ ಅವನನ್ನು ಕೊಂದ ಅಂತ ಸ್ಥಳಪುರಾಣ. ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿ ಇದೆ. ಅಲ್ಲಿ ಹಿಡಿಂಬನ ಹಲ್ಲು ಅಂತ ಜನ ನಂಬುವ ವಸ್ತುವನ್ನು ಇಟ್ಟಿದ್ದಾರೆ. ಕೊಂದವನ ಗೆಲುವನ್ನು ಹಾಡಿದ ಜನವೇ ಸತ್ತವನ ಹಲ್ಲನ್ನೂ ಕಾಪಾಡಿಕೊಂಡು ಬಂದರು. ದಾವಣಗೆರೆ ಕಡೆ ಹೋದರೆ ಹರಿಹರ. ಗುಹಾಸುರನನ್ನು ಹರಿಯೊಬ್ಬನಾಗಲಿ ಹರನೊಬ್ಬನಾಗಲಿ ಕೊಲ್ಲುವಂತಿರಲಿಲ್ಲ. ಅದಕ್ಕೇ ಇಬ್ಬರೂ ಒಂದೇ ಮೈಯಾಗಿ ಬಂದರು ಅಂತ ಕಥೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಅಲ್ಲಿ ಗುಡಿ ಕಟ್ಟಿಸಿದ. ರಾಕ್ಷಸ ಹೋಗಿ ಯಾವ ಕಾಲವಾಯಿತೋ. ಆದರೆ ದೇವರು ಇವತ್ತಿಗೂ ಆ ಕೂಡಿದ ರೂಪದಲ್ಲೇ ನಿಂತಿದ್ದಾನೆ, ಬಿಡಿಸಿಕೊಂಡು ಹೋಗಿಲ್ಲ. ಕೆಡುಕನ್ನು ಸೋಲಿಸಲು ನಿಮ್ಮ ನಾಯಕರು ಯಾವ ರೂಪ ತಾಳಿದರು? ಗೆದ್ದ ಮೇಲೆ ಹಳೇ ರೂಪಕ್ಕೆ ಮರಳಲು ಅವರಿಗೆ ಆಯಿತಾ?

ಹಂತ 4: ಗೆಲ್ಲಿಸಿದ ಆಯುಧದ ಗತಿ ಹೇಳಿ

ಇದು ಚಿಕ್ಕ ಹಂತ, ಆದರೆ ಬಿಡುವಂತಿಲ್ಲ. ಮಾಯಾ ಖಡ್ಗವನ್ನು ಗೋಡೆಗೆ ತೂಗುಹಾಕಿ ಸುಮ್ಮನಾಗಬೇಡಿ. ಯುದ್ಧ ಮುಗಿದ ಸಂಜೆ ಕೃಷ್ಣ ಅರ್ಜುನನಿಗೆ ಮೊದಲು ನೀನು ಇಳಿ ಅನ್ನುತ್ತಾನೆ. ಆಮೇಲೆ ತಾನಿಳಿದ. ಕೂಡಲೇ ರಥ ಧಗಧಗ ಉರಿದು ಬೂದಿಯಾಯಿತು. ದ್ರೋಣ, ಕರ್ಣರ ಅಸ್ತ್ರಗಳಿಗೆ ಅದು ಎಂದೋ ಬಲಿಯಾಗಿತ್ತು, ಕೃಷ್ಣ ಕೂತಿದ್ದಕ್ಕೆ ಉಳಿದಿತ್ತು. ವರ್ಷಗಳಾದ ಮೇಲೆ ದ್ವಾರಕೆಯ ಹೆಂಗಸರನ್ನು ಕರೆತರುವಾಗ, ದೊಣ್ಣೆ ಹಿಡಿದ ದರೋಡೆಕೋರರ ಎದುರು ಅದೇ ಅರ್ಜುನನಿಗೆ ಗಾಂಡೀವಕ್ಕೆ ಹೆದೆ ಏರಿಸುವುದೇ ಕಷ್ಟವಾಯಿತು. ಮಂತ್ರ ನೆನಪಿಗೆ ಬರಲಿಲ್ಲ.

ನಿಮ್ಮ ಆಯುಧಕ್ಕೂ ಇಂಥದೊಂದು ಸಂಜೆ ಬರೆಯಿರಿ. ಎರಡು ಪುಟ ಸಾಕು.

ಹಂತ 5: ಸೋತ ಕಡೆಯವನೊಬ್ಬನನ್ನು ಮನೆಗೆ ಕರೆತನ್ನಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬರೆಯಲು ಕಷ್ಟವಾದದ್ದೂ ಇದೇ.

ಖಳನ ಸೈನ್ಯದಲ್ಲಿ ಇದ್ದವರು ಯಾರು? ಎಲ್ಲರೂ ರಾಕ್ಷಸರೇ ಆಗಿದ್ದರೆ ನಿಮ್ಮ ಕೆಲಸ ಸುಲಭ. ಆದರೆ ನಲವತ್ತು ವರ್ಷ ಒಂದು ಸೈನ್ಯ ನಡೆಸಬೇಕಾದರೆ ಅಡುಗೆಯವರು ಬೇಕು, ಲಾಳ ಕಟ್ಟುವವರು ಬೇಕು, ಲೆಕ್ಕ ಬರೆಯುವವರು ಬೇಕು. ಅವರೆಲ್ಲ ಸುತ್ತಲಿನ ಹಳ್ಳಿಗಳಿಂದಲೇ ಹೋಗಿರುತ್ತಾರೆ. ಕೆಲವರನ್ನು ಎಳೆದುಕೊಂಡು ಹೋದರು. ಕೆಲವರು ಕೂಳಿಗೆ ಹೋದರು. ಕೆಲವರು ಇಷ್ಟಪಟ್ಟೇ ಹೋದರು. ಈ ಮೂರು ಥರದವರೂ ಈಗ ಊರಿಗೆ ಬರುತ್ತಿದ್ದಾರೆ, ಮೂವರ ಮೈಮೇಲೂ ಒಂದೇ ಸಮವಸ್ತ್ರ.

ಮೊದಲು ಪಿಒವಿ ತೀರ್ಮಾನಿಸಿ. ಪಿಒವಿ ಅಂದರೆ ಈ ದೃಶ್ಯ ಯಾರ ಕಣ್ಣಿನಿಂದ ಕಾಣುತ್ತದೆ ಅನ್ನುವುದು. ಬಂದವನ ಕಣ್ಣಿನಿಂದ ಬರೆದರೆ ಬೇಗ ಕಣ್ಣೀರಿಗೆ ಇಳಿದುಬಿಡುತ್ತದೆ. ಅವನನ್ನು ಬರಮಾಡಿಕೊಳ್ಳಬೇಕಾದವರ ಕಣ್ಣಿನಿಂದ ಬರೆದು ನೋಡಿ.

ನನ್ನ ಹುಲಿಗೊಂದಿಯಲ್ಲಿ ಗೌರವ್ವ ಇದ್ದಾಳೆ. ಮಗ ಬೋರನನ್ನು ಹನ್ನೆರಡನೇ ವಯಸ್ಸಿನಲ್ಲಿ ಗುಡ್ಡಕ್ಕೆ ಎಳೆದೊಯ್ದಿದ್ದರು. ಇಪ್ಪತ್ತಕ್ಕೆ ವಾಪಸ್ ಬಂದಿದ್ದಾನೆ. ಮೊದಲ ಸಲ ಬರೆದಾಗ ಇದು ಹೀಗೆ ಬರಬಹುದು: "ಬೋರನ ಮನಸ್ಸಿನಲ್ಲಿ ಯುದ್ಧದ ನೋವು ಆಳವಾಗಿ ಬೇರೂರಿತ್ತು. ಅವನು ಹಳೆಯದನ್ನು ಮರೆಯಲಾರದೆ ಒದ್ದಾಡುತ್ತಿದ್ದ." ಓದುಗನ ಕಣ್ಣ ಮುಂದೆ ಏನೂ ಬರಲಿಲ್ಲ. ಇದೇ ಮಾತನ್ನು ಒಂದು ಊಟದಲ್ಲಿ ಇಟ್ಟು ನೋಡಿ:

ಗೌರವ್ವ ಮುದ್ದೆ ಇಟ್ಟಳು, ಹುರುಳಿ ಸಾರು ಬಿಟ್ಟಳು. ಬೋರ ತಟ್ಟೆಯನ್ನು ಎಡಗೈಯಿಂದ ಬಳಸಿ ಹಿಡಿದ, ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ. ನಾಲ್ಕು ತುತ್ತಿಗೆ ಅರ್ಧ ಮುದ್ದೆ ಹೋಯಿತು. ಉಳಿದರ್ಧ ಎಲ್ಲಿ ಹೋಯಿತೋ ಕಾಣಲಿಲ್ಲ.

"ಇನ್ನೊಂದು ಇಡ್ಲೇನೋ?"

"ಸಾಕು ಬಿಡವ್ವ."

ಬೆಳಿಗ್ಗೆ ಚಾಪೆ ಕೊಡವುವಾಗ ಕೆಳಗೆ ಮೂರು ಬಟ್ಟೆ ಗಂಟು ಸಿಕ್ಕವು. ಒಂದರಲ್ಲಿ ನಿನ್ನೆಯ ಮುದ್ದೆ, ಇನ್ನೂ ಮೆತ್ತಗಿತ್ತು. ಇನ್ನೆರಡು ಒಣಗಿ ಕಲ್ಲಾಗಿದ್ದವು. ಗೌರವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. ಮೂರನ್ನೂ ಹೇಗಿದ್ದವೋ ಹಾಗೇ ಕಟ್ಟಿ, ಅಲ್ಲೇ ಇಟ್ಟು, ಮೇಲೆ ಚಾಪೆ ಹಾಸಿದಳು.

ಇಲ್ಲಿ ನೋವು ಅನ್ನುವ ಪದವೇ ಇಲ್ಲ. ಅವಳು ಆ ಗಂಟನ್ನು ಎಸೆಯದೆ ಇಟ್ಟದ್ದರಲ್ಲಿ ಅವನ ಎಂಟು ವರ್ಷವೂ ಇದೆ, ಅವಳ ಎಂಟು ವರ್ಷವೂ ಇದೆ.

ಈಗ ಇದನ್ನು ಮನೆಯಿಂದ ಬೀದಿಗೆ ತನ್ನಿ. ಪಕ್ಕದ ಮನೆಯ ಓಬಜ್ಜನ ಮಗನನ್ನು ಕೊಂದ ದಿನ ಬೋರ ಅದೇ ದಂಡಿನಲ್ಲಿದ್ದ. ಓಬಜ್ಜನಿಗೆ ಅದು ಗೊತ್ತು. ಗೌರವ್ವನಿಗೆ ಅವನಿಗೆ ಗೊತ್ತಿರುವುದು ಗೊತ್ತು. ಇಬ್ಬರೂ ದಿನಾ ಒಂದೇ ಬಾವಿಗೆ ನೀರಿಗೆ ಹೋಗಬೇಕು. ಇಲ್ಲಿ ಯಾರಿಗೂ ಭಾಷಣ ಕೊಡಬೇಡಿ. ಪ್ರತಿ ವರ್ಷ ಕಣದಿಂದ ಗೌರವ್ವನ ಮನೆಗೆ ಒಂದು ಮೊರ ಶೇಂಗಾ ಕಳಿಸುತ್ತಿದ್ದ ಓಬಜ್ಜ ಈ ವರ್ಷ ಕಳಿಸಲಿಲ್ಲ, ಅಷ್ಟು ಬರೆಯಿರಿ.

ಧೃತರಾಷ್ಟ್ರನನ್ನು ನೆನಪಿಸಿಕೊಳ್ಳಿ. ಯುದ್ಧವಾದ ಮೇಲೆ ಅವನು 15 ವರ್ಷ ಪಾಂಡವರ ಮನೆಯಲ್ಲೇ ಇದ್ದ. ಧರ್ಮರಾಯ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಭೀಮ, ಅಣ್ಣನಿಗೆ ತಿಳಿಯದ ಹಾಗೆ, ಮುದುಕನ ಕಿವಿಗೆ ಬೀಳುವಂತೆ ತೋಳು ತಟ್ಟಿಕೊಂಡು, ಇವನ ಮಕ್ಕಳನ್ನು ಮುಗಿಸಿದ ತೋಳು ಇವೇ ಅನ್ನುತ್ತಿದ್ದ. ಕೊನೆಗೆ ಮುದುಕ ಕಾಡಿಗೆ ಹೊರಟ. 18 ದಿನದ ಯುದ್ಧಕ್ಕಿಂತ ಈ 15 ವರ್ಷದ ಊಟದ ಪಂಕ್ತಿ ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. ಭೀಮ ಕೆಟ್ಟವನಲ್ಲ. ಅವನಿಗೆ ಮರೆಯಲು ಆಗಲಿಲ್ಲ, ಅಷ್ಟೇ.

ಇದಕ್ಕೆ ಎದುರಾಗಿ ಘಟೋತ್ಕಚನನ್ನೂ ಇಟ್ಟುಕೊಳ್ಳಿ. ಹಿಡಿಂಬನನ್ನು ಕೊಂದ ಭೀಮ ಅವನ ತಂಗಿಯನ್ನೇ ಮದುವೆಯಾದ. ಅವರ ಮಗ, ಸೋದರಮಾವನನ್ನು ಕೊಂದವರ ಪರವಾಗಿಯೇ ಹೋರಾಡಿ ಸತ್ತ. ಸೋತವರ ಮಕ್ಕಳು ಯಾವ ಕಡೆ ನಿಲ್ಲುತ್ತಾರೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ನಿಮ್ಮ ಊರಲ್ಲಿ ಎರಡೂ ಥರದವರು ಇರಲಿ.

ಇನ್ನು ಆಳುವವರ ಕಡೆಯಿಂದ: ಭೂಮಿ ಯಾರಿಗೆ ಹೋಯಿತು? ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಅವರ ಲಾರ್ಡ್ ಆಫ್ ದ ರಿಂಗ್ಸ್‌ನಲ್ಲಿ ಹೊಸ ರಾಜ ಅರಗಾರ್ನ್ ವೈರಿಯ ನಾಡಿನ ಗುಲಾಮರನ್ನು ಬಿಡಿಸಿ, ಅವರು ದುಡಿಯುತ್ತಿದ್ದ ಕೆರೆ ಸುತ್ತಲಿನ ನೆಲವನ್ನು ಅವರಿಗೇ ಕೊಡುತ್ತಾನೆ. ಅಲ್ಲಿ ಅದು ಒಂದೇ ಸಾಲು. ನಿಮಗೆ ಅದೇ ಒಂದು ಕಾದಂಬರಿ ಆಗಬಹುದು. ಅಳತೆ ಮಾಡಿದವರು ಯಾರು, ಎರೆ ಭೂಮಿ ಯಾರಿಗೆ ಬಂತು, ಕಲ್ಲು ಹೊಲ ಯಾರಿಗೆ? ದಾವಣಗೆರೆ ಕೂಡ ಒಂದು ಕಾಲಕ್ಕೆ ಬೇತೂರಿನ ಪಕ್ಕದ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಆಪೋಜಿ ರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ, ಅಂದರೆ ಹುಟ್ಟುವಳಿ ಅನುಭವಿಸಲು, ಕೊಟ್ಟ. ಅವನು ವರ್ತಕರನ್ನು ಕರೆದು ನೆಲೆ ನಿಲ್ಲಿಸಿದ. ಯುದ್ಧಗಳ ಕಾಲದಲ್ಲಿ ಯಾರಿಗೋ ಕೊಟ್ಟ ಒಂದು ಹಳ್ಳಿ ಪೇಟೆಯಾಗಿ ಬೆಳೆಯುತ್ತದೆ. ಇಂಥ ಗಟ್ಟಿ ವಿವರ ನಿಮ್ಮ ಲೋಕಕ್ಕೂ ಬೇಕು.

ಎಚ್ಚರ: ಇತಿಹಾಸದಿಂದ ವಿವರ ತೆಗೆದುಕೊಳ್ಳಿ, ಖಳರನ್ನು ತೆಗೆದುಕೊಳ್ಳಬೇಡಿ. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು, ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅದು ಮನುಷ್ಯರ ನಡುವೆ ನಡೆದ ರಾಜಕೀಯ. ನಿಮ್ಮ ರಾಕ್ಷಸನಿಗೆ ಇವತ್ತು ನಮ್ಮ ಪಕ್ಕದ ಬೀದಿಯಲ್ಲಿ ಬದುಕುವ ಯಾವುದೋ ಜನರ ಉಡುಪು, ಮಾತು ಕೊಟ್ಟರೆ ಕಥೆಯೂ ಕೆಡುತ್ತದೆ, ಊರೂ ಕೆಡುತ್ತದೆ.

ಹಂತ 6: ಗಾಯಕ್ಕೆ ತಾರೀಖು ಹಾಕಿ

ಈಗ ಕ್ಯಾಲೆಂಡರ್ ತೆಗೆಯಿರಿ. "ಕಾಲ ಕಳೆಯಿತು" ಅಂತ ಬರೆಯುವುದನ್ನು ಬಿಟ್ಟು ಕೆಲವು ದಿನಗಳಿಗೆ ಗುರುತು ಹಾಕಿ.

ಮೊದಲ ರಾತ್ರಿಗೆ ಒಂದು. ಗೆದ್ದವರು ಮೈಮರೆಯುವುದು ಆಗಲೇ. ಅಶ್ವತ್ಥಾಮ ಪಾಳೆಯಕ್ಕೆ ನುಗ್ಗಿ ದ್ರೌಪದಿಯ ಐದು ಮಕ್ಕಳನ್ನು ನಿದ್ದೆಯಲ್ಲೇ ಕೊಂದದ್ದು ದುರ್ಯೋಧನ ಬಿದ್ದ ದಿನದ ರಾತ್ರಿ. ಆಮೇಲೆ ಮೊದಲ ಬಿತ್ತನೆಗೆ ಒಂದು. ಬೀಜ ಇದೆಯಾ, ಎತ್ತು ಇದೆಯಾ, ಕೂರಿಗೆ ಹಿಡಿಯುವ ಗಂಡಸು ಮನೆಯಲ್ಲಿ ಉಳಿದಿದ್ದಾನಾ?

ಆಮೇಲೆ ವರ್ಷ ತುಂಬಿದ ದಿನಕ್ಕೆ ಒಂದು. ಟೋಲ್ಕಿನ್ ಇದನ್ನು ಬಹಳ ಚೆನ್ನಾಗಿ ಮಾಡಿದ್ದಾರೆ. ಅವರ ಆ ಕಾದಂಬರಿಯ ನಾಯಕ ಫ್ರೋಡೋಗೆ ಇರಿತದ ಗಾಯ ಆದದ್ದು ಅಕ್ಟೋಬರ್ 6ರಂದು. ವೈರಿಯ ಶಕ್ತಿ ಅಡಗಿದ್ದ ಉಂಗುರ ನಾಶವಾಗಿ, ಲೋಕವೆಲ್ಲ ಹಬ್ಬ ಮಾಡಿದ ಮೇಲೂ ಅದೇ ತಾರೀಖಿಗೆ ಅವನಿಗೆ ಕಾಯಿಲೆ ಬರುತ್ತದೆ. ಎರಡೂವರೆ ವರ್ಷ ತಡೆದು ಕೊನೆಗೆ ಅವನು ಹಡಗು ಹತ್ತಿ ಹೊರಟುಹೋಗುತ್ತಾನೆ. ಉಳಿಸಿದ ಊರಲ್ಲಿ ಅವನಿಗೇ ಇರಲು ಆಗಲಿಲ್ಲ. 2003ರ ಸಿನಿಮಾ ಮಾತ್ರ ನೋಡಿದವರಿಗೆ ಇನ್ನೊಂದು ವಿಷಯ: ಪುಸ್ತಕದಲ್ಲಿ ನಾಯಕರು ಮನೆಗೆ ಮರಳಿದಾಗ ಅವರ ಊರನ್ನೇ ಪುಂಡರು ಹಿಡಿದಿರುತ್ತಾರೆ. ಮರ ಕಡಿದಿದ್ದಾರೆ, ಹಳೇ ಗಿರಣಿ ಕಿತ್ತು ಹೊಸದು ಹಾಕಿದ್ದಾರೆ, ಜನ ಹೆದರಿ ಬಾಗಿಲು ಹಾಕಿಕೊಂಡಿದ್ದಾರೆ. ಆ ಅಧ್ಯಾಯ ಸಿನಿಮಾದಲ್ಲಿ ಇಲ್ಲ. ಪುಸ್ತಕ ಸಿಕ್ಕರೆ ಓದಿ, ಕೆಡುಕು ಎಷ್ಟು ಸಣ್ಣದಾಗಿ, ಎಷ್ಟು ಹತ್ತಿರಕ್ಕೆ ಬರುತ್ತದೆ ಅಂತ ಗೊತ್ತಾಗುತ್ತದೆ.

ಇನ್ನೂ ದೂರಕ್ಕೆ ಹೋಗಬೇಕಾ? ಟೋಲ್ಕಿನ್ ವೈರಿ ಬಿದ್ದ ಸುಮಾರು 100 ವರ್ಷದ ನಂತರದ ಕಥೆಯೊಂದನ್ನು ಶುರು ಮಾಡಿ ಕೈಬಿಟ್ಟರು. ಅದರಲ್ಲಿ ರಾಕ್ಷಸರನ್ನೇ ನೋಡದ ಹುಡುಗರು ರಾಕ್ಷಸರಾಟ ಆಡುತ್ತಾರೆ. ಹುಲಿಗೊಂದಿಯ ಮಕ್ಕಳು ಏನು ಆಡುತ್ತಾರೆ ಅಂತ ನಿಮ್ಮ ನೋಟ್‌ಬುಕ್‌ನಲ್ಲಿ ಬರೆದಿದ್ದೀರಾ? ಯಾರಿಗೆ ಕರಿದೊರೆ ಆಗಲು ಇಷ್ಟ?

ಹಂತ 7: ದುರಸ್ತಿ ಕೆಲಸ ತೋರಿಸಿ

ಇಷ್ಟೆಲ್ಲ ಕತ್ತಲೆ ಬರೆದ ಮೇಲೆ ಬರೀ ಕತ್ತಲೆಯಲ್ಲೇ ಕೂರಬೇಡಿ. ಜನ ಸುಮ್ನೆ ಕೂರುವುದಿಲ್ಲ. ಹೂಳು ಎತ್ತುತ್ತಾರೆ, ಮಾಡು ಹೊದಿಸುತ್ತಾರೆ.

ಚಂದ್ರವಳ್ಳಿಯ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಪಲ್ಲವ, ಪುನ್ನಾಟ, ಆಭೀರ ಅಂತ ಅವನು ಗೆದ್ದವರ ಹೆಸರು ಸಾಲಾಗಿ ಬರುತ್ತದೆ. ಆದರೆ ಶಾಸನ ಹಾಕಿಸಿದ್ದು ಯಾತಕ್ಕೆ? ಒಂದು ಕೆರೆಗೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದರು. "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಅವರ ಮಾತು ಈ ಕಡೆ ಎಲ್ಲರ ಬಾಯಲ್ಲಿದೆ. ಬಿಟ್ಟಿ ದುಡಿಸಿದ ಕರಿದೊರೆಯ ಕಾಲುವೆ ಪಕ್ಕದಲ್ಲಿ, ಮಾಡಿದಷ್ಟಕ್ಕೆ ಕೂಲಿ ಕೊಡುವ ಒಂದು ಕೆರೆ ಕೆಲಸ ಶುರುವಾದರೆ ಹುಲಿಗೊಂದಿಯ ಜನಕ್ಕೆ ಏನನ್ನಿಸಬಹುದು! ಮೊದಲ ದಿನದ ಕೂಲಿ ಕೈಗೆ ಬಂದಾಗ ಒಬ್ಬಳು ಅದನ್ನು ಎಷ್ಟು ಸಲ ಎಣಿಸುತ್ತಾಳೆ, ಬರೆಯಿರಿ.

ಎರಡು ಎಚ್ಚರ. ದುರಸ್ತಿಯನ್ನು ಮಾಯೆಯಿಂದ ಮುಗಿಸಬೇಡಿ. ಟೋಲ್ಕಿನ್ ಕಥೆಯಲ್ಲಿ ಫ್ರೋಡೋನ ಜೊತೆಗಾರ ಸ್ಯಾಮ್ ಹತ್ತಿರ ಮಾಯೆಯ ಮಣ್ಣಿತ್ತು ನಿಜ. ಆದರೂ ಅವನು ಸಸಿಗಳನ್ನು ತನ್ನ ಕೈಯಾರೆ ನೆಟ್ಟ, ಬುಡಕ್ಕೆ ಒಂದೊಂದು ಕಾಳಷ್ಟು ಹಾಕಿದ. ಎರಡನೆಯದು: ಎಲ್ಲವೂ ಸರಿಯಾಯಿತು ಅಂತ ತೋರಿಸಬೇಡಿ. ಹಂತ 2ರಲ್ಲಿ ಆರಿಸಿದ ಮೂರರಲ್ಲಿ ಒಂದು ಸರಿಯಾಗಲಿ, ಒಂದು ಅರ್ಧ ಆಗಲಿ, ಒಂದು ಹಾಗೇ ಇರಲಿ.

ಹಂತ 8: ನಿಲ್ಲಿಸುವ ಜಾಗ

ಎಷ್ಟು ಪುಟ ಬರೆಯಬೇಕು ಅಂತ ಎಲ್ಲರೂ ಕೇಳುತ್ತಾರೆ. ಅಳತೆ ಇಲ್ಲ. ಕುಮಾರವ್ಯಾಸ ಹತ್ತು ಪರ್ವಕ್ಕೆ, ಗದಾಪರ್ವದಲ್ಲಿ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಇಬ್ಬರೂ ತಪ್ಪು ಮಾಡಲಿಲ್ಲ. ಆದರೆ ಎಪಿಲಾಗ್‌ನಲ್ಲಿ, ಅಂದರೆ ಕಥೆ ಮುಗಿದ ಮೇಲೆ ಬರುವ ಪುಟ್ಟ ಅಧ್ಯಾಯದಲ್ಲಿ, ಇಷ್ಟನ್ನೂ ಎರಡು ಪುಟಕ್ಕೆ ಹಿಂಡಲು ಹೋಗಬೇಡಿ. ಜಾಗ ಇಲ್ಲದಿದ್ದರೆ ಹಂತ 5 ಒಂದನ್ನೇ ಇಟ್ಟುಕೊಳ್ಳಿ.

ಕೊನೆಯ ಸಾಲಿನಲ್ಲಿ ಕತ್ತಲಲ್ಲಿ ಹೊಳೆಯುವ ಎರಡು ಕೆಂಪು ಕಣ್ಣು ತರಬೇಡಿ. ಹೊಸ ಖಳ ಬಂದ ಕ್ಷಣ ಹಳೇ ಗಾಯಗಳೆಲ್ಲ ಸುಳ್ಳಾಗುತ್ತವೆ. ಹಾಗೆಯೇ ಮುದುಕರೊಬ್ಬರ ಬಾಯಿಂದ ನೀತಿಯ ಮಾತು ಹೇಳಿಸಬೇಡಿ. ಮೊದಲು ತೋರಿಸಿದ ಯಾವುದೋ ಸಣ್ಣ ವಸ್ತುವಿಗೆ ಹಿಂದಿರುಗಿ, ಅದರಲ್ಲಿ ಎಷ್ಟು ಬದಲಾಗಿದೆ ಅನ್ನುವುದನ್ನು ಮಾತ್ರ ಹೇಳಿ.

ಹುಲಿಗೊಂದಿಯ ಕಥೆಯನ್ನು ನಾನಾದರೆ ನಾಲ್ಕನೇ ವರ್ಷದ ಸುಗ್ಗಿಗೆ ನಿಲ್ಲಿಸುತ್ತೇನೆ. ಬೋರ ಕಣದಲ್ಲಿದ್ದಾನೆ. ಓಬಜ್ಜ ಇನ್ನೂ ಶೇಂಗಾ ಕಳಿಸಿಲ್ಲ. ಗೌರವ್ವ ಚಾಪೆ ಎತ್ತಿ ಕೊಡವುತ್ತಾಳೆ. ಕೆಳಗೆ ಒಂದೇ ಗಂಟು ಇದೆ.